ಬದುಕಿದ್ದರೆ ಇಪ್ಪತ್ತು ಚೀಲ ಜೋಳ

ನಾನು ಯಾರ ಸಹಾಯವೂ ಇಲ್ಲದೆ ಬರೆದ ಮೊದಲ ಮೃತ್ಯುಪತ್ರದಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಸರ್ವೆ ನಂಬರು, ಚಕ್ಕುಬಂದಿ, ಸಾಕ್ಷಿಗಳ ಸಹಿ, ಹೆಬ್ಬೆಟ್ಟು, ಕಚೇರಿಯ ಶಿಕ್ಕೆ, ಎಲ್ಲವೂ ಇರಬೇಕಾದಲ್ಲಿಯೇ ಇದ್ದವು. ಆದರೆ ಆ ಕಾಗದ ಒಂದು ಜೀವವನ್ನು ತೆಗೆಯಲು ಎಷ್ಟು ಹತ್ತಿರ ಬಂದಿತ್ತು ಎಂಬುದು ನನಗೆ ಇಂದಿಗೂ ಖಚಿತವಾಗಿ ಗೊತ್ತಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಸಿಂದಗಿಯಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಹಿರಿಯರು ದೊಡ್ಡ ಕೇಸೊಂದರ ಸಲುವಾಗಿ ವಾರದಲ್ಲಿ ಐದು ದಿನ ವಿಜಾಪುರದಲ್ಲಿಯೇ ಇರುತ್ತಿದ್ದರು. ಆಗ ಕಾರ್ತಿಕ ಮಾಸ. ಒಂದು ಮುಂಜಾನೆ ಕನ್ನೊಳ್ಳಿಯ ಬಸ್ಸಿನಿಂದ ಇಳಿದು ಅರವತ್ತು ದಾಟಿದ ಒಬ್ಬ ವಿಧವೆ ಕಚೇರಿಗೆ ಬಂದಳು. ಹಿಂದೆ ಅವಳ ಸೆರಗಿನ ತುದಿ ಹಿಡಿದುಕೊಂಡು ಮೂವತ್ತರ ಆಸುಪಾಸಿನ ಮಗಳು. ಮಗಳಿಗೆ ಮಾತು ಬರುತ್ತಿರಲಿಲ್ಲ. ತಿಳಿವಳಿಕೆ ನಾಲ್ಕೈದು ವರ್ಷದ ಕೂಸಿನಷ್ಟು. ಒಳಗೆ ಬಂದವಳೇ ನನ್ನ ಮೇಜಿನ ಮೇಲಿದ್ದ ಅರಗಿನ ತುಂಡನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ತಾಯಿ ಬೆರಳು ಹಾಕಿ ಅದನ್ನು ಹೊರಗೆ ತೆಗೆದಳು. ಅದು ಅವಳಿಗೆ ದಿನದ ಕೆಲಸವೆಂಬುದು ನೋಡಿದರೆ ತಿಳಿಯುತ್ತಿತ್ತು.

"ಯಾರೇನ ಕೊಟ್ರೂ ತಿಂತಾಳ್ರಿ. ಕೊಡದಿದ್ರೂ ತಿಂತಾಳ," ಅಂದಳು. ಆಮೇಲೆ ಕುಳಿತು ನೇರವಾಗಿ ವಿಷಯಕ್ಕೆ ಬಂದಳು. "ನನ್ನ ಹೊಟ್ಟ್ಯಾಗ ಗಂಟ ಐತ್ರಿ. ಹೋಳಿ ಹುಣ್ಣಿವಿ ಮಟಾ ಉಳ್ಯೂದಿಲ್ಲ ಅಂತ ವಿಜಾಪುರದ ಡಾಕ್ಟರ ಹೇಳ್ಯಾರ. ಅಷ್ಟರಾಗ ಇಕೀದೊಂದು ದಾರಿ ಮಾಡಬೇಕು."

ಆಸ್ತಿ ಎಂದರೆ ಅವಳ ತಂದೆ ಅರಿಷಿಣ-ಕುಂಕುಮಕ್ಕೆಂದು ಬರೆದುಕೊಟ್ಟ ಇಪ್ಪತ್ತೆರಡು ಎಕರೆ ಎರಿ ಹೊಲ, ಒಂದು ಮನೆ, ಮನೆಯ ಹಿತ್ತಲಲ್ಲಿ ಒಂದು ಬಾವಿ. ಎಲ್ಲವೂ ಅವಳ ಹೆಸರಿನಲ್ಲಿಯೇ ಇತ್ತು, ಪಹಣಿ ಉತಾರದಲ್ಲಿ ತಕರಾರಿಲ್ಲ. ಗಂಡ ಇಲ್ಲ, ಗಂಡುಮಕ್ಕಳಿಲ್ಲ. ಸಮೀಪದವನೆಂದರೆ ಮೈದುನನ ಮಗ. ನಲವತ್ತು ವರ್ಷದವನು, ಅದೇ ಊರಿನವನು. ಅಂದು ಅವರನ್ನು ಕರೆತಂದವನೂ ಅವನೇ. ಹೊರಗೆ ಬೇವಿನ ಗಿಡದ ಕೆಳಗೆ ಬೀಡಿ ಸೇದುತ್ತ ಕುಳಿತಿದ್ದ.

ನಾನು ಕರಡು ತಯಾರಿಸಿದೆ. ತಾಯಿಯ ನಂತರ ಮಗಳು ಇರುವವರೆಗೆ ಹೊಲದ ಉತ್ಪನ್ನ ಮಗಳಿಗೆ. ಮೈದುನನ ಮಗ ಹೊಲ ನೋಡಿಕೊಂಡು ಅವಳನ್ನು ಜೋಪಾನ ಮಾಡಬೇಕು. ಅವಳ ನಂತರ ಆ ಸೇವೆಗೆ ಪ್ರತಿಯಾಗಿ ಹೊಲ-ಮನೆ ಅವನಿಗೆ ಪೂರ್ಣ ಮಾಲಕಿ ಹಕ್ಕಿನಿಂದ ಸೇರಬೇಕು. ಇದಕ್ಕಿಂತ ನ್ಯಾಯವಾದ ಏರ್ಪಾಡು ಏನಿದ್ದೀತು ಎಂದು ನನಗೆ ಅನಿಸಿತು. ಓದಿ ಹೇಳಿದಾಗ ತಾಯಿ ಮಗಳ ತಲೆ ಸವರುತ್ತ ಕುಳಿತಳು. ನಾನು ಅದನ್ನು ಸಮಾಧಾನವೆಂದು ತಿಳಿದೆ.

ಸಾಕ್ಷಿಗಳು ಇಬ್ಬರು ಬೇಕಲ್ಲ ಎಂದಾಗ ಮೈದುನನ ಮಗನೇ ಸಂತೆಗೆ ಬಂದಿದ್ದ ತನ್ನ ಊರಿನ ಇಬ್ಬರನ್ನು ಕರೆತಂದ. ಅದು ನಾನು ತಡೆಯಬೇಕಾಗಿದ್ದ ತಪ್ಪು. ಯಾರಿಗೆ ಪತ್ರದಿಂದ ಲಾಭವೋ ಅವನು ಸಾಕ್ಷಿಗಳನ್ನು ಹುಡುಕಬಾರದು. ಆದರೆ ಬಸ್ಸಿನ ಹೊತ್ತಾಗಿತ್ತು, ತಾಯಿಗೆ ನೋವು ಬಂದಿತ್ತು. ಸಬ್ ರಜಿಸ್ಟ್ರಾರರ ಎದುರು ಅವಳು ಹೆಬ್ಬೆಟ್ಟು ಒತ್ತಿದಳು, ನೋಂದಣಿಯಾಯಿತು. ಆ ಸಂಜೆಯೊಳಗೆ ಪತ್ರದಲ್ಲಿ ಏನಿದೆ ಎಂಬುದು ಇಡೀ ಕನ್ನೊಳ್ಳಿಗೆ ಗೊತ್ತಾಗಿತ್ತು.

ಮೂರು ವಾರದ ಮೇಲೆ ಆ ಊರಿನ ನಿವೃತ್ತ ಹೆಡ್ ಮಾಸ್ತರರು ನನ್ನನ್ನು ಹುಡುಕಿಕೊಂಡು ಬಂದರು. ಮೂರು ತಲೆಮಾರಿನಿಂದ ಕನ್ನೊಳ್ಳಿಯಲ್ಲಿ ನೆಲೆಸಿದ್ದ ಮುಸಲ್ಮಾನ ಮನೆತನದವರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. ತಲೆಯ ಮೇಲಿನ ಬಿಳಿ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಕುಳಿತರು.

"ಅವರ ಮನಿ ಗ್ವಾಡಿ, ನಮ್ಮ ಮನಿ ಗ್ವಾಡಿ ಒಂದರಿ," ಅಂದರು. "ಹಿಂತಾದ್ದೇ ಅಂತ ಬಟ್ಟ ಮಾಡಿ ಹೇಳಾಕ ಬರೂದಿಲ್ಲ. ಆದ್ರ ಹೇಳದ ಇರಾಕೂ ಆಗವಲ್ದು."

ಮೈದುನನ ಮಗ ಹೆಂಡತಿಯನ್ನೂ ಮಗನನ್ನೂ ತನ್ನ ಮನೆಯಲ್ಲಿಯೇ ಬಿಟ್ಟು, ಸೇವೆ ಮಾಡುತ್ತೇನೆಂದು ದೊಡ್ಡವ್ವನ ಮನೆಗೆ ಬಂದು ಇದ್ದನಂತೆ. ಬಂದ ಎರಡನೆಯ ದಿನ ಹಿತ್ತಲ ಬಾವಿಯ ಸುತ್ತ ಇದ್ದ ಮುಳ್ಳಿನ ಬೇಲಿ ತೆಗೆದುಹಾಕಿದ. ಹಳೆಯದಾಗಿದೆ, ಹೊಸದು ಹಾಕುತ್ತೇನೆ ಎಂದ. ಹಾಕಲಿಲ್ಲ. ಮೊದಲು ಸಂಜೆ ಐದಕ್ಕೆ ತಾಯಿ ಹಿತ್ತಲ ಬಾಗಿಲಿಗೆ ಅಗಳಿ ಹಾಕುತ್ತಿದ್ದಳು. ಈಗ ಗಾಳಿ ಬರಲಿ ಎಂದು ಅದು ತೆರೆದೇ ಇರುತ್ತದೆ. ತಾಯಿಗೆ ಹಾಸಿಗೆಯಿಂದ ಏಳಲು ಆಗುತ್ತಿಲ್ಲ.

"ಮೊನ್ನೆ ಮಧ್ಯಾಹ್ನ ನಮ್ಮ ಮಾಳಿಗಿ ಮ್ಯಾಲಿಂದ ನೋಡಿದ್ನಿರಿ. ಹುಡುಗಿ ಬಾವಿ ದಂಡಿ ಮ್ಯಾಲ ಕುಂತು ಕಾಲು ಇಳಿಬಿಟ್ಟು ಹುಣಸಿಬೀಜ ಒಂದೊಂದ ನೀರಾಗ ಒಗ್ಯಾಕತ್ತಿದ್ಳು. ಅವ ಹಿತ್ತಲ ಬಾಗಿಲದಾಗ ನಿಂತಿದ್ದ."

"ಕರದ್ನೇನ್ರಿ?"

"ಇಲ್ಲ."

"ಮತ್ತ ದೂಡಾಕ ಹೋದ್ನೇನು?"

"ಅದೂ ಇಲ್ಲರಿ. ಸುಮ್ಮನ ನೋಡಾಕತ್ತಿದ್ದ. ನಾ ಮ್ಯಾಲಿಂದ ಕೂಗಿದ್ನಿ. ಆಗ ಓಡಿಬಂದು ಕೈ ಹಿಡದ."

ಮಾಸ್ತರರು ಹೋದ ಮೇಲೆ ನಾನು ಪತ್ರದ ನಕಲನ್ನು ತೆಗೆದು ಎರಡು ಸಲ ಓದಿದೆ. ತಪ್ಪು ಎಲ್ಲಿದೆ ಎಂದು ಗೊತ್ತಾಗಲಿಲ್ಲ. ಶನಿವಾರ ಹಿರಿಯರು ಬಂದರು. ನಡೆದದ್ದನ್ನೆಲ್ಲ ಹೇಳಿ ನಕಲನ್ನು ಅವರ ಮುಂದೆ ಇಟ್ಟೆ. ಓದಿ ಮುಗಿಸಿ ಕನ್ನಡಕ ತೆಗೆದರು.

"ಭಾಷಾ ಛಲೋ ಐತಿ. ಈಗ ನಾ ಕೇಳಿದ್ದಕ್ಕ ಉತ್ರಾ ಕೊಡು. ಈ ಹುಡುಗಿ ನಾಳೆ ಸತ್ತರ ಲಾಭ ಯಾರಿಗೆ?"

ನಾನು ಹೇಳಿದೆ.

"ಇನ್ನ ನಲವತ್ತು ವರ್ಷ ಬದುಕಿದ್ರ ತ್ರಾಸ ಯಾರಿಗೆ?"

ಅದಕ್ಕೂ ಉತ್ತರ ಅದೇ ಮನುಷ್ಯ.

"ತಾಯಿ ಜೀವಂತ ಇರೂದ್ರಾಗ ಮಗಳು ಬಾವ್ಯಾಗ ಬಿದ್ದಳಂದ್ರ, ತಾಯಿ ನೋಡ್ಕೋಲಿಲ್ಲ ಅಂತಾರ. ಅವನ ಹೆಸರು ಯಾರೂ ತಗಿಯೂದಿಲ್ಲ. ಅವ ಕೆಟ್ಟವ ಅಂತ ನಾ ಅನ್ನವಲ್ಲೆ, ತಮ್ಮಾ. ಆದ್ರ ನೀ ಅವನ ಮುಂದ ಇಟ್ಟದ್ದು ಹಿಂತಾ ಕಾಗದ. ದಿನಾ ಮುಂಜಾನೆ ಎದ್ದು ಅವ ಆ ಹುಡುಗಿ ಮಾರಿ ನೋಡಬೇಕು, ಇಪ್ಪತ್ತೆರಡ ಎಕರೆ ನೆನಿಬೇಕು."

ಪತ್ರವನ್ನು ರದ್ದು ಮಾಡಿಸೋಣ ಎಂದೆ. ಹಿರಿಯರು ತಲೆ ಅಲ್ಲಾಡಿಸಿದರು. ರದ್ದು ಮಾಡಿದರೆ ಕಾಯ್ದೆಯಂತೆ ಹೊಲ ಮಗಳಿಗೆ ಬರುತ್ತದೆ. ಮದುವೆ ಮಕ್ಕಳಿಲ್ಲದ ಅವಳು ಸತ್ತರೆ ಅವಳ ತಂದೆಯ ವಾರಸುದಾರರಿಗೆ ಹೋಗುತ್ತದೆ. ತಂದೆಯ ಕಡೆ ಉಳಿದವನು ಅವನೊಬ್ಬನೇ. ಪತ್ರವಿದ್ದರೂ ಅವನಿಗೆ, ಇಲ್ಲದಿದ್ದರೂ ಅವನಿಗೆ. ಹಾಗಾದರೆ ಅವನನ್ನು ಪೂರ್ತಿ ಹೊರಗೆ ಹಾಕೋಣವೆಂದರೆ, ಮಗಳನ್ನು ಸ್ನಾನ ಮಾಡಿಸಿ ಉಣ್ಣಿಸುವವರು ಬೇರೆ ಯಾರೂ ಇರಲಿಲ್ಲ. ಹೊಸಬರು ಮೈ ಮುಟ್ಟಿದರೆ ಮಗಳು ಚೀರುತ್ತಿದ್ದಳು. ತಾಯಿಯನ್ನು ಬಿಟ್ಟರೆ ಅವನನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳುತ್ತಿದ್ದಳು.

ಭಾನುವಾರ ಇಡೀ ದಿನ ಕುಳಿತು ಬೇರೆ ಪತ್ರ ಬರೆದೆ. ಈ ಸಲ ಹೊಲವನ್ನು ಯಾರಿಗೂ ಕೊಡಲಿಲ್ಲ. ಹೊಲ-ಮನೆಗಳು ಇಬ್ಬರು ವಿಶ್ವಸ್ತರ ಕೈಯಲ್ಲಿ, ಮಗಳ ಹಿತಕ್ಕಾಗಿ ಮಾತ್ರ ಇರುವ ಒಂದು ಟ್ರಸ್ಟು. ಜೋಪಾನ ಮಾಡುವವನಿಗೆ ಆ ಮನೆಯಲ್ಲಿ ವಾಸ, ಪ್ರತಿ ಸುಗ್ಗಿಗೆ ಇಪ್ಪತ್ತು ಚೀಲ ಜೋಳ. ಅದೂ ಅವಳು ಜೀವಂತವಾಗಿ, ಆರೋಗ್ಯವಾಗಿ ಇದ್ದರೆ. ಅವಳ ಉಸಿರು ನಿಂತ ದಿನ ಜೋಳವೂ ನಿಲ್ಲಬೇಕು, ತಿಂಗಳೊಳಗೆ ಮನೆ ಬಿಡಬೇಕು, ಹೊಲ ಊರಿನ ಸಾಲೆಗೆ ಸೇರಬೇಕು. ವಿಶ್ವಸ್ತರಲ್ಲಿ ಒಬ್ಬರು ಅಮಾವಾಸ್ಯೆಗೊಮ್ಮೆ ಅವಳನ್ನು ಕಣ್ಣಾರೆ ನೋಡಬೇಕು. ನೋಡಿಕೊಳ್ಳುವವನು ಸರಿಯಿಲ್ಲವೆನಿಸಿದರೆ ಬದಲಿಸುವ ಅಧಿಕಾರ ಅವರಿಗೆ.

ಹಿರಿಯರು ಎರಡು ತಿದ್ದುಪಡಿ ಮಾಡಿದರು. ನಾನು "ಬೆಳೆಯಲ್ಲಿ ಕಾಲು ಪಾಲು" ಎಂದು ಬರೆದಿದ್ದೆ. ಅದನ್ನು ಹೊಡೆದು "ಇಪ್ಪತ್ತು ಚೀಲ" ಮಾಡಿಸಿದವರು ಅವರೇ. ಉಳುವವನಿಗೇ ಭೂಮಿ ಎಂಬ ಕಾಯ್ದೆ ಬಿಗಿಯಾಗುತ್ತದೆಂದು ಎಲ್ಲ ಕಡೆ ಮಾತಿತ್ತು. ಪಾಲಿಗೆ ಮಾಡುವವನು ನಾಳೆ ನಾನೇ ಒಕ್ಕಲು ಎಂದು ನಿಲ್ಲಬಹುದು. ಇನ್ನೊಂದು, ವಿಶ್ವಸ್ತರ ಜಾಗದಲ್ಲಿ ನನ್ನ ಹೆಸರು ಇತ್ತು. ಅದನ್ನೂ ಹೊಡೆದರು. "ಪತ್ರ ಬರದವ ಪತ್ರದಾಗ ಇರಬಾರದು," ಎಂದರು.

ತಾಯಿಯ ತಮ್ಮ ತಾಂಬಾದಲ್ಲಿದ್ದ. ಅವನು ಹೆಸರು ಕೊಡಲು ಒಪ್ಪಿದ, ಆದರೆ ದೂರದವನು. ದಿನದ ಕಾವಲಿಗೆ ಮಾಸ್ತರರೇ ಬೇಕು. ಅವರು ಮೊದಲು ಒಪ್ಪಲಿಲ್ಲ.

"ಮಾಸ್ತರ ಆ ಹೆಣ್ಮಗಳ ಹೊಲ ಹೊಡದ ಅಂತಾರ್ರಿ ವಕೀಲ್ರ. ನನ್ನ ಹಿಂದ ನನ್ನ ಮಕ್ಕಳು ಈ ಊರಾಗ ಬಾಳೇ ಮಾಡಬೇಕು."

"ಹೊಲ ಕಡಿಗಿ ಸಾಲಿಗೆ ಹೋಗತೈತ್ರಿ. ನಿಮಗ ಒಂದ ಕಾಳೂ ಇಲ್ಲ."

ಅವರು ಯೋಚಿಸಿದರು. "ಒಂದ ಕಾಳೂ ಇಲ್ಲ ಅಂತ ಪತ್ರದಾಗ ಕಾಣೂಹಂಗ ಬರೀರಿ. ಹಂಗಿದ್ರ ಬರ್ತೇನಿ," ಅಂದರು. ಬರೆದೆ.

ತಾಯಿ ಸಿಂದಗಿಗೆ ಬರುವ ಸ್ಥಿತಿಯಲ್ಲಿ ಇರಲಿಲ್ಲ. ಸಬ್ ರಜಿಸ್ಟ್ರಾರರು ರೋಗಿಯ ಮನೆಗೆ ಬಂದು ನೋಂದಣಿ ಮಾಡಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿತ್ತು. ಇಷ್ಟರಲ್ಲಿ ಮತ್ತೆ ಶನಿವಾರ ಬಂದಿತ್ತು; ಮಾಸ್ತರರ ಕೈಯಲ್ಲಿ ತಾಯಿಗೆ ಹೇಳಿಕಳಿಸಿ, ಅವಳ ಹೆಬ್ಬೆಟ್ಟು ತರಿಸಿ, ಡಾಕ್ಟರ ದಾಖಲೆ ಹಚ್ಚಿ ಅರ್ಜಿ ಕೊಟ್ಟೆ. ಅವರು ಮುಂದಿನ ಗುರುವಾರ ಎಂದರು. ಐದು ದಿನ. ಬೇಗ ಆಗುವುದಿಲ್ಲವೇ ಎಂದು ಕೇಳಿದೆ. ಕಾರಣ ಏನು ಎಂದರು. ಬಾವಿಗೆ ಬೇಲಿ ಇಲ್ಲ ಎಂದು ಅರ್ಜಿಯಲ್ಲಿ ಹೇಗೆ ಬರೆಯುವುದು? ಆ ಐದು ದಿನ ಕನ್ನೊಳ್ಳಿಯ ಬಸ್ಸು ಬಂದಾಗಲೆಲ್ಲ ನಾನು ಕಚೇರಿಯ ಬಾಗಿಲಿಗೆ ಹೋಗಿ ಇಳಿಯುವವರ ಮುಖ ನೋಡುತ್ತಿದ್ದೆ. ಸಾವಿನ ಸುದ್ದಿ ತಂದವನ ಮುಖ ಹೇಗಿರುತ್ತದೆಂದು ಹುಡುಕುತ್ತಿದ್ದೆನೋ ಏನೋ.

ಗುರುವಾರ ನಾವು ಹೋದಾಗ ಮಧ್ಯಾಹ್ನ ಎರಡು ಗಂಟೆ. ಸಬ್ ರಜಿಸ್ಟ್ರಾರರು, ಅವರ ಗುಮಾಸ್ತೆ, ಸಿಂದಗಿಯ ಡಾಕ್ಟರು, ನಾನು. ಮೈದುನನ ಮಗ ಹೊಸ್ತಿಲ ಮೇಲೆಯೇ ನಿಂತಿದ್ದ.

"ಮತ್ತ್ಯಾಕ ಬಂದೀರಿ ವಕೀಲ್ರ? ಪತ್ರ ಆಗೇತಲ್ಲ?"

"ದೊಡ್ಡವ್ವಾರು ಕರಸ್ಯಾರ."

"ನನಗ ಹೇಳಲಿಲ್ಲ." ನನ್ನ ಕೈಯಲ್ಲಿದ್ದ ಕಾಗದದ ಸುರುಳಿಯನ್ನು ನೋಡಿದ. ಮಾತು ಮೆತ್ತಗಿತ್ತು. "ಊರಿಂದ ಹೊರಗ ಹಾದಿ ಛಲೋ ಇಲ್ಲರಿ. ಹೋಗುಮುಂದ ಹುಷಾರಲೇ ಹೋಗ್ರಿ."

ಪಡಸಾಲೆಯಲ್ಲಿ ಮಗಳು ಕುಳಿತಿದ್ದಳು. ನಾವು ಒಳಗೆ ಹೋಗುವಾಗ ಅವಳು ಎದ್ದು ಗೋಡೆಯಲ್ಲಿನ ಗೂಡಿನಂಥ ಮಾಡದ ಹತ್ತಿರ ಹೋಗಿ ಡಬ್ಬಿಯೊಂದಕ್ಕೆ ಕೈ ಹಾಕಿ ಬೆಲ್ಲದ ಹರಳು ತೆಗೆದು ಬಾಯಿಗೆ ಹಾಕಿಕೊಂಡಳು. ಡಬ್ಬಿಯ ಪಕ್ಕದಲ್ಲಿ ಅಷ್ಟೇ ಎತ್ತರದ ಇನ್ನೊಂದು ಡಬ್ಬಿ ಇತ್ತು. ವಾಸನೆಯಿಂದಲೇ ತಿಳಿಯಿತು. ಹತ್ತಿಗೆ ಹೊಡೆಯುವ ಎಂಡ್ರಿನ್. ಮುಚ್ಚಳ ಸಡಿಲಾಗಿತ್ತು.

"ಇದ್ಯಾಕ ಇಲ್ಲಿ?" ಎಂದೆ.

"ನನ್ನ ಹತ್ತಿಗಿ ತಂದದ್ರಿ. ಅಲ್ಲಿ ಮನ್ಯಾಗ ಸಣ್ಣ ಹುಡುಗ ಅದಾನ, ಅದಕ್ಕ ಇಲ್ಲಿ ಇಟ್ಟೇನಿ," ಎಂದ ಅವನು.

ಯಾರೂ ಏನೂ ಮಾಡಿರಲಿಲ್ಲ. ಆ ಮನೆಯಲ್ಲಿ ಸಾಮಾನುಗಳು ತಮ್ಮ ಜಾಗ ಬಿಟ್ಟು ಸರಿದಿದ್ದವು, ಅಷ್ಟೇ. ಬೇಲಿ ಇರಬೇಕಾದಲ್ಲಿ ಇರಲಿಲ್ಲ, ವಿಷ ಇರಬಾರದ ಕಡೆ ಇತ್ತು. ಯಾವ ಫೌಜದಾರನ ಮುಂದೆ ಏನೆಂದು ಹೇಳುವುದು?

ಸಬ್ ರಜಿಸ್ಟ್ರಾರರು ಎಲ್ಲರನ್ನೂ ಹೊರಗೆ ಕಳಿಸಿ, ಡಾಕ್ಟರನ್ನೂ ನನ್ನನ್ನೂ ಮಾತ್ರ ಇರಿಸಿಕೊಂಡು ಕೋಣೆಯ ಬಾಗಿಲು ಮುಚ್ಚಿಸಿದರು. ತಾಯಿ ಅರ್ಧದಷ್ಟು ಆಗಿದ್ದಳು. ಆದರೆ ಬುದ್ಧಿ ಚೂರೂ ಮಂದವಾಗಿರಲಿಲ್ಲ. ಡಾಕ್ಟರು ಕೇಳಿದ ವಾರ, ತಿಥಿ, ಹೊಲದ ಎಲ್ಲೆ, ಎಲ್ಲದಕ್ಕೂ ಸರಿಯಾಗಿ ಉತ್ತರ ಹೇಳಿದಳು. ನಾನು ಹೊಸ ಪತ್ರವನ್ನು ಓದಿ, ಹಳೆಯದು ಯಾಕೆ ಬೇಡ ಎಂಬುದನ್ನು ಆದಷ್ಟು ಮೆತ್ತಗೆ ಹೇಳತೊಡಗಿದೆ. ಅವಳು ಕೈ ಎತ್ತಿ ನಿಲ್ಲಿಸಿದಳು.

"ನನಗ ಅವತ್ತ ಗೊತ್ತಿತ್ತರಿ."

"ಮತ್ತ ಯಾಕ ಹೇಳಲಿಲ್ರಿ ಅವ್ವಾ?"

"ಕಲತವರು ನೀವು. ನಿಮಗ ಬ್ಯಾರೆ ದಾರಿ ಕಾಣಲಿಲ್ಲ ಅಂದ್ರ ಬ್ಯಾರೆ ದಾರಿನ ಇಲ್ಲ ಅಂತ ತಿಳದ್ನಿ."

ನಾನು ಶಾಯಿಯ ಪ್ಯಾಡನ್ನು ಅವಳ ಕೈಯ ಹತ್ತಿರ ಸರಿಸಿದೆ. ಅವಳು ಹೆಬ್ಬೆಟ್ಟು ಒತ್ತಿದಳು. ಅವಳ ಎದುರಿಗೇ ಡಾಕ್ಟರೂ, ಒಳಗೆ ಕರೆಸಿದ ಗುಮಾಸ್ತೆಯೂ ಸಾಕ್ಷಿಯಾಗಿ ಸಹಿ ಮಾಡಿದರು.

ಇಷ್ಟಾದ ಮೇಲೆ ಹಿರಿಯರ ಆದೇಶ ಸ್ಪಷ್ಟವಾಗಿತ್ತು. ಪತ್ರದ ಮಾತು ಹೊರಗೆ ಬೀಳಬಾರದು, ಅಸಲು ಪ್ರತಿಯನ್ನು ಮೊಹರು ಮಾಡಿ ವಿಜಾಪುರದಲ್ಲಿ ಜಿಲ್ಲಾ ರಜಿಸ್ಟ್ರಾರರ ಕಚೇರಿಯಲ್ಲಿ ಇಡಬೇಕು. ಮೃತ್ಯುಪತ್ರವನ್ನು ಗುಟ್ಟಾಗಿ ಇಡುವುದೇ ರೂಢಿ. ಕಾಗದ ಮಡಚುತ್ತಿದ್ದಾಗ ನನಗೆ ಮಾಡದ ಆ ಎರಡು ಡಬ್ಬಿಗಳು ಕಣ್ಣಿಗೆ ಕಟ್ಟಿದವು. ಗುಟ್ಟಾಗಿ ಇಟ್ಟರೆ ಹೊರಗೆ ನಿಂತವನ ತಲೆಯಲ್ಲಿ ಹಳೆಯ ಪತ್ರವೇ ನಡೆಯುತ್ತಿರುತ್ತದೆ. ಹುಡುಗಿ ಸತ್ತ ಮೇಲೆ ಅವನಿಗೆ ಏನೂ ಸಿಗಲಿಕ್ಕಿಲ್ಲ, ನಿಜ. ಆದರೆ ಅವಳು ಸತ್ತಿರುತ್ತಾಳೆ.

ಹಿರಿಯರನ್ನು ಕೇಳಲು ಸಮಯವಿರಲಿಲ್ಲ. ತಾಯಿಯ ಕಿವಿಯ ಹತ್ತಿರ ಬಗ್ಗಿದೆ.

"ಅವ್ವಾ, ಇದನ್ನ ಅಂಗಳದಾಗ ನಾಕ ಮಂದಿ ಮುಂದ ಓದ್ಲೇನ್ರಿ? ನಿಮಗ ಅವ ಬೈದಾನು, ಬಿಟ್ಟು ಹೋದಾನು."

ಅವಳು ಕಣ್ಣು ಮುಚ್ಚಿ ತೆರೆದಳು. "ಓದ್ರಿ. ಜೋರಲೇ ಓದ್ರಿ, ನನಗೂ ಇಲ್ಲಿ ಕೇಳಬೇಕು."

ಪಕ್ಕದ ಮನೆಯಲ್ಲಿದ್ದ ಮಾಸ್ತರರಿಗೆ ಹೇಳಿದೆ; ಅವರು ಹೋಗಿ ಊರಿನ ಏಳೆಂಟು ಹಿರಿಯರನ್ನು ಕರೆತಂದರು. ಹಿಂದಿನ ಪತ್ರದ ಇಬ್ಬರು ಸಾಕ್ಷಿಗಳೂ ಬಂದರು. ಅಂಗಳದಲ್ಲಿ ನಿಂತು ಒಂದೊಂದೇ ಕಲಮು ಓದಿದೆ. ಸಾಲೆಯ ಮಾತು ಬಂದಾಗ ಯಾರೋ ಕೆಮ್ಮಿದರು. ಮೈದುನನ ಮಗ ಕಂಬಕ್ಕೆ ಒರಗಿ ನಿಂತಿದ್ದ. ಕುತ್ತಿಗೆಯ ನರ ಎದ್ದಿತ್ತು. ನಾನು ಓದಿ ಮುಗಿಸಿದೆ. ಅವನು ನನ್ನತ್ತ ಎರಡು ಹೆಜ್ಜೆ ಬಂದ. ಮಾಸ್ತರರು ಎದ್ದು ನಿಂತರು.

"ಅಕಿ ಸತ್ತರ ನನಗೇನೂ ಇಲ್ಲ?"

"ಏನೂ ಇಲ್ಲ."

"ಈ ಮನೀನೂ?"

"ಇಲ್ಲ."

"ಬದುಕಿದ್ರ?"

"ಇಪ್ಪತ್ತು ಚೀಲ. ವರ್ಷಾ. ಅಕಿ ಎಷ್ಟ ವರ್ಷ ಇರ್ತಾಳೋ ಅಷ್ಟ ವರ್ಷ."

ಅವನು ಪಡಸಾಲೆಯ ಕಡೆ ತಿರುಗಿದ. ಮಗಳು ಬೆರಳಿಗೆ ಅಂಟಿದ ಬೆಲ್ಲ ನೆಕ್ಕುತ್ತ ಅವನನ್ನು ನೋಡಿ ನಕ್ಕಳು. ಅವನ ಮುಖದಲ್ಲಿ ಆಗ ಏನೋ ಬದಲಾಯಿತು. ಸಿಟ್ಟು ಇಳಿದದ್ದಲ್ಲ. ಸಂತೆಯಲ್ಲಿ ದನ ಕೊಳ್ಳುವವನು ಹಲ್ಲು ನೋಡಿ ವಯಸ್ಸು ಎಣಿಸುವಾಗ ಇರುವಂಥ ಮುಖ. ಅದನ್ನು ನೋಡಿ ನನಗೆ ಮೊದಲಿಗಿಂತ ಹೆಚ್ಚು ಭಯವಾಯಿತು. ಅವನು ಒಳಗೆ ಹೋಗಿ, ಮಾಡದಲ್ಲಿದ್ದ ಎಂಡ್ರಿನ್ ಡಬ್ಬಿಯನ್ನು ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ನಮ್ಮ ನಡುವಿನಿಂದ ಹಾದು ಹೊರಗೆ ಹೋದ.

ಮರುದಿನ ಸಂಜೆಯೊಳಗೆ ಬಾವಿಗೆ ಹೊಸ ಬೇಲಿ ಬಂದಿತ್ತು ಎಂದು ಮಾಸ್ತರರು ಹೇಳಿಕಳಿಸಿದರು. ಜಾಲಿಯ ಮುಳ್ಳು, ಎದೆಯ ಎತ್ತರ.

ಹಿರಿಯರು ನನ್ನನ್ನು ಬೈದರು. ಪಕ್ಷಗಾರರ ಗುಟ್ಟನ್ನು ಅಂಗಳದಲ್ಲಿ ಓದುವ ವಕೀಲನನ್ನು ಎಲ್ಲಿಯೂ ಕಂಡಿಲ್ಲ ಎಂದರು. ಅಸಲು ಪತ್ರವನ್ನು ಮಾತ್ರ ತಾವೇ ವಿಜಾಪುರಕ್ಕೆ ಒಯ್ದು ಇಟ್ಟು ಬಂದರು.

ಸುಗ್ಗಿಯ ಹೊತ್ತಿಗೆ ತಾಯಿ ತೀರಿಕೊಂಡಳು. ಮಾಸ್ತರರು ಅಮಾವಾಸ್ಯೆಗೊಮ್ಮೆ ಹೋಗಿ ಮಗಳನ್ನು ನೋಡಿ ನನಗೆ ಒಂದು ಕಾರ್ಡು ಬರೆಯುತ್ತಿದ್ದರು. "ಕೂಸು ಕ್ಷೇಮ" ಎಂಬ ಎರಡೇ ಶಬ್ದ. ಒಂದು ವರ್ಷ ಊರಲ್ಲಿ ವಾಂತಿಭೇದಿ ಬಂದಾಗ ಮೈದುನನ ಮಗ ಅವಳನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಸಿಂದಗಿಯ ದವಾಖಾನೆಗೆ ತಂದ. ನಾನು ಹೋದಾಗ ಅವನು ಕಂಪೌಂಡರನ ಅಂಗಿ ಹಿಡಿದು ಮೊದಲು ಇವಳಿಗೆ ಸಲಾಯಿನ್ ಹಚ್ಚು ಎಂದು ಕೂಗಾಡುತ್ತಿದ್ದ. ಮೂರು ದಿನ ಅವಳ ಮಂಚದ ಕೆಳಗೇ ಮಲಗಿದ. ಅವಳ ಮೈ ತೊಳೆದ. ಅದು ಅಕ್ಕರೆಯೋ, ಜೋಳವೋ ಎಂದು ನಾನು ಅವನ ಮುಖದಲ್ಲಿ ಬಹಳ ಹುಡುಕಿದೆ. ತಿಳಿಯಲಿಲ್ಲ. ಅವನಿಗಾದರೂ ತಿಳಿದಿತ್ತೋ ಇಲ್ಲವೋ.

ದಶಕದ ಕೊನೆಗೆ, ನಾನು ಸ್ವಂತ ಕಚೇರಿ ಮಾಡಿದ ಮೇಲೆ, ಒಂದು ಮಧ್ಯಾಹ್ನ ಅವನು ಬಂದ. ಮೈ ಬತ್ತಿತ್ತು, ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದ. ಕ್ಷಯವೆಂದು ಡಾಕ್ಟರು ಹೇಳಿದ್ದರಂತೆ. ತನ್ನ ನಂತರ ತಂಗಿಯನ್ನು ಯಾರು ನೋಡಿಕೊಳ್ಳಬೇಕೆಂದು ವಿಶ್ವಸ್ತರಿಗೆ ಒಂದು ಅರ್ಜಿ ಬರೆಸಬೇಕು ಎಂದ. ಅವನಿಗೆ ಪ್ರಾಯಕ್ಕೆ ಬಂದ ಒಬ್ಬ ಮಗ ಇರುವುದು ನನಗೆ ಗೊತ್ತಿತ್ತು. ಇಪ್ಪತ್ತು ಚೀಲ, ವಾಸಕ್ಕೆ ಮನೆ. ಆ ಹುಡುಗನ ಹೆಸರಿಗೇ ಬಂದಿದ್ದಾನೆಂದು ತಿಳಿದು ಕಾಗದ ತೆಗೆದು ಹೆಸರು ಕೇಳಿದೆ.

"ಅವನ ಹೆಸರು ಬ್ಯಾಡ್ರಿ," ಎಂದ. "ಮಾಸ್ತರ ಮನಿ ಕಡಿಂದ ಯಾರನ್ನರ ನೋಡ್ರಿ, ಇಲ್ಲಾ ತಾಂಬಾದವರನ್ನ ಕೇಳ್ರಿ. ಅವನ ಕೈಯಾಗ ಮಾತ್ರ ಕೊಡಬ್ಯಾಡ್ರಿ."

"ಯಾಕ? ಕೆಟ್ಟ ಹುಡುಗ ಏನು?"

ಅವನು ಕಿಟಕಿಯ ಹೊರಗೆ ನೋಡಿದ. ಕೆಮ್ಮು ಬಂತು, ನಿಲ್ಲುವವರೆಗೆ ಕಾದೆ.

"ಕೆಟ್ಟವ ಅಲ್ಲರಿ. ನನ್ನ ಮಗ ಅಂವ," ಎಂದ. "ನನ್ನಂಗನ ಅದಾನ."